ಪಾಪವನ್ನು ಗೆಲ್ಲಲು ಒಬ್ಬರೇ ಸಾಲದು

1742ರ ಫೆಬ್ರುವರಿ 15ರಂದು ಇಂಗ್ಲೆಂಡಿನ ಬಂದರು ನಗರ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಮೆಥಡಿಸ್ಟ್ ಬಳಗದವರು ಸಭೆ ಸೇರಿದ್ದರು. ಚರ್ಚೆಗೆ ಬಂದದ್ದು ಸಾಲದ ವಿಷಯ. 1739ರಲ್ಲಿ ಕಟ್ಟಿದ ‘ನ್ಯೂ ರೂಮ್’ ಎಂಬ ಪ್ರಾರ್ಥನಾ ಮಂದಿರದ ಸಾಲ ಇನ್ನೂ ತೀರಿರಲಿಲ್ಲ. ಅದು ಹರಿಯುವ ತನಕ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಕ್ಯಾಪ್ಟನ್ ಫಾಯ್ ಎಂಬವರು ಸೂಚಿಸಿದರು. ಅಷ್ಟಕ್ಕೂ ಶಕ್ತಿಯಿಲ್ಲದ ಬಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರಲ್ಲ ಎಂದು ಮತ್ತೊಬ್ಬರು ಆಕ್ಷೇಪಿಸಿದರು. ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರ ಮನೆಗೆ ಹೋಗಿ ಕೇಳುತ್ತೇನೆ, ಕೊಟ್ಟರೆ ಸರಿ, ಇಲ್ಲದಿದ್ದರೆ ಅವರ ಪಾಲನ್ನೂ ನಾನೇ ತುಂಬುತ್ತೇನೆ ಎಂದರು ಫಾಯ್. ಉಳಿದ ಕೆಲವರೂ ಇದೇ ರೀತಿ ಹೊಣೆ ಹೊತ್ತರು.

ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಬೇರೆ ಸಂಗತಿಗಳೂ ಕಣ್ಣಿಗೆ ಬಿದ್ದವು. ಒಬ್ಬ ಹೆಂಡತಿಯೊಂದಿಗೆ ಜಗಳಕ್ಕೆ ನಿಂತಿದ್ದ. ಇನ್ನೊಬ್ಬ ಕುಡಿದಿದ್ದ. ಪ್ರಸಂಗ ಕೇಳಲು ಬಂದಾಗ ಕಾಣದಿದ್ದ ಬದುಕು ಮನೆಯ ಹೊಸ್ತಿಲಲ್ಲಿ ಕಂಡಿತು. ಸುದ್ದಿ ವೆಸ್ಲಿಯವರಿಗೆ ಮುಟ್ಟಿದಾಗ, ನಮಗೆ ಬೇಕಾಗಿದ್ದದ್ದು ಇದೇ ಎಂದು ಅವರಿಗೆ ಥಟ್ಟನೆ ಹೊಳೆಯಿತು. ಸಾಲ ತೀರಿಸಲು ಮಾಡಿಕೊಂಡ ಏರ್ಪಾಡು ಸದಸ್ಯರ ಆತ್ಮಗಳನ್ನು ವಿಚಾರಿಸಿಕೊಳ್ಳುವ ಏರ್ಪಾಡಾಗಿ ಬದಲಾಯಿತು. ‘ಕ್ಲಾಸ್ ಮೀಟಿಂಗ್’ ಎಂಬ ಈ ಪುಟ್ಟ ಕೂಟಗಳೇ ಮುಂದೆ ಮೆಥಡಿಸ್ಟ್ ಚಳವಳಿಯ ಬೆನ್ನೆಲುಬಾದವು.

ಕ್ರೈಸ್ತರನ್ನು ಮೊದಲಿನಿಂದಲೂ ಕಾಡಿದ ಒಂದು ಪ್ರಶ್ನೆ ಈ ಘಟನೆಯ ಹಿಂದಿದೆ. ದೇವರು ಕ್ಷಮಿಸಿದ್ದಾನೆಂದು ನಂಬಿದ ಮನುಷ್ಯ ಮತ್ತೆ ಅದೇ ತಪ್ಪು ಮಾಡುತ್ತಾನೆ. ಅವನು ನಿಜಕ್ಕೂ ಬದಲಾಗುವುದು ಹೇಗೆ? ಮನಸ್ಸು ಗಟ್ಟಿಮಾಡಿಕೊಂಡರೆ ಆಯಿತು ಎನ್ನುವುದು ನಮ್ಮಲ್ಲಿ ಬಹಳ ಮಂದಿಯ ಉತ್ತರ. ಸಭೆಯ ಇಪ್ಪತ್ತು ಶತಮಾನಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಪರಿಶುದ್ಧತೆ ದೇವರ ಕೃಪೆಯಿಂದ ಹುಟ್ಟುತ್ತದೆ, ದಿನದಿನದ ಸಣ್ಣ ರೂಢಿಗಳಲ್ಲಿ ಬೆಳೆಯುತ್ತದೆ, ಇತರರ ಜೊತೆಯಲ್ಲಿ ಗಟ್ಟಿಯಾಗುತ್ತದೆ. ಮೂರನೆಯ ಮಾತನ್ನು ನಾವು ಇತ್ತೀಚೆಗೆ ಮರೆತಿದ್ದೇವೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಪೇರ್ ಹಣ್ಣಿನ ಕಳ್ಳರು

ಪಾಪವೆಂದರೆ ಮಾಡಬಾರದ ಕೆಲಸಗಳ ಪಟ್ಟಿ ಎಂಬ ತಿಳಿವಳಿಕೆಯನ್ನು ಯೇಸು ಪರ್ವತ ಪ್ರಸಂಗದಲ್ಲೇ ಬುಡಮೇಲು ಮಾಡಿದರು. ಕೊಲೆಗಿಂತ ಮೊದಲು ಸಿಟ್ಟು ಇರುತ್ತದೆ, ವ್ಯಭಿಚಾರಕ್ಕಿಂತ ಮೊದಲು ಕಾಮದ ನೋಟವಿರುತ್ತದೆ. ಲೆಕ್ಕ ಶುರುವಾಗುವುದು ಹೃದಯದಿಂದ ಎಂದರು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಈ ಒಳಜಗಳವನ್ನು ಬಿಚ್ಚಿಡುತ್ತಾನೆ. ಒಳ್ಳೆಯದನ್ನು ಮಾಡಬೇಕೆಂಬ ಮನಸ್ಸಿದೆ, ಕೈಯಿಂದ ಆಗುವುದು ಬೇಡವೆಂದುಕೊಂಡ ಕೆಟ್ಟದ್ದೇ ಎಂಬ ಅವನ ಸಂಕಟ ಓದುಗರಿಗೆ ಇಂದಿಗೂ ತಮ್ಮದೇ ಅನಿಸುತ್ತದೆ.

ಇದನ್ನು ಅತ್ಯಂತ ಹತ್ತಿರದಿಂದ ನೋಡಿದವರು ಉತ್ತರ ಆಫ್ರಿಕಾದ ಸಂತ ಅಗಸ್ಟೀನ್. ಕ್ರಿ.ಶ. 400ರ ಆಸುಪಾಸಿನಲ್ಲಿ ಬರೆದ ತಮ್ಮ ಆತ್ಮನಿವೇದನೆಯಲ್ಲಿ ಹದಿನಾರನೆಯ ವಯಸ್ಸಿನ ಒಂದು ಕಳ್ಳತನವನ್ನು ಪುಟಗಟ್ಟಲೆ ಪರೀಕ್ಷಿಸುತ್ತಾರೆ. ಗೆಳೆಯರ ಗುಂಪಿನೊಂದಿಗೆ ರಾತ್ರಿ ನೆರೆಯ ತೋಟಕ್ಕೆ ನುಗ್ಗಿ ಪೇರ್ ಹಣ್ಣು ಉದುರಿಸಿದ್ದರು. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು. ಕದ್ದದ್ದರಲ್ಲಿ ಬಹುಪಾಲನ್ನು ಹಂದಿಗಳಿಗೆ ಎಸೆದರು. ಮತ್ತೇಕೆ ಕದ್ದೆ ಎಂದು ಅಗಸ್ಟೀನ್ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಮಾಡಬಾರದೆಂಬ ಕಾರಣಕ್ಕೇ ಅದರಲ್ಲಿ ರುಚಿಯಿತ್ತು ಎಂಬುದು ಅವರು ಕೊಡುವ ಒಂದು ಉತ್ತರ. ಇನ್ನೊಂದು ಉತ್ತರ ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು: ಒಬ್ಬನೇ ಇದ್ದಿದ್ದರೆ ತಾನು ಆ ಕೆಲಸ ಮಾಡುತ್ತಿರಲಿಲ್ಲ. ಜೊತೆಯವರು ನಡೆಯಿರಿ ಎಂದಾಗ ಹಿಂದೆ ಸರಿಯಲು ನಾಚಿಕೆಯಾಯಿತು. ಪಾಪಕ್ಕೆ ಸಹವಾಸದ ಬಲ ಬೇಕಾಗುತ್ತದೆ ಎಂಬುದನ್ನು ಅವರು ಗುರುತಿಸಿದರು. ಹಾಗಿದ್ದಲ್ಲಿ ಪಾಪದಿಂದ ಹೊರಬರಲು ಸಹವಾಸ ಬೇಡವೇ?

ಅಗಸ್ಟೀನರ ಕಾಲದಲ್ಲೇ ಪೆಲೇಜಿಯಸ್ ಎಂಬ ಸಾಧಕರು ರೋಮಿನಲ್ಲಿ ಬೇರೆ ಬೋಧನೆ ಮಾಡುತ್ತಿದ್ದರು. ದೇವರು ಆಜ್ಞೆ ಕೊಟ್ಟಿದ್ದಾನೆಂದರೆ ಅದನ್ನು ಪಾಲಿಸುವ ಶಕ್ತಿಯೂ ಮನುಷ್ಯನಲ್ಲಿದೆ, ಸೋಮಾರಿತನಕ್ಕೆ ನೆಪ ಹೇಳಬೇಡಿ ಎಂಬುದು ಅವರ ನಿಲುವು. ಕೇಳಲು ಅದು ಗಂಭೀರವಾಗಿಯೇ ಇತ್ತು. ಆದರೆ ಬೀಳುವವನ ಮೇಲೆ ಅದು ಇನ್ನಷ್ಟು ಭಾರ ಹೇರುತ್ತಿತ್ತು. ಕಾಯಿಲೆ ಬಿದ್ದಿರುವುದು ಇಚ್ಛಾಶಕ್ತಿಯೇ ಆಗಿರುವಾಗ ಇಚ್ಛಾಶಕ್ತಿಯಿಂದಲೇ ಗುಣವಾಗು ಎಂದರೆ ಹೇಗೆ ಎಂದು ಅಗಸ್ಟೀನ್ ವಾದಿಸಿದರು. 418ರಲ್ಲಿ ಕಾರ್ಥೇಜಿನ ಧರ್ಮಸಭೆ ಪೆಲೇಜಿಯಸರ ಬೋಧನೆಯನ್ನು ತಳ್ಳಿಹಾಕಿತು. ಮನುಷ್ಯ ದೇವರ ಕಡೆ ತಿರುಗುವ ಮೊದಲೇ ದೇವರು ಅವನ ಕಡೆ ತಿರುಗಿರುತ್ತಾನೆ, ಕೃಪೆ ಯಾವಾಗಲೂ ಮೊದಲು ಬರುತ್ತದೆ ಎಂಬುದು ಪಾಶ್ಚಾತ್ಯ ಕ್ರೈಸ್ತ ಬೋಧನೆಯ ಅಡಿಗಲ್ಲಾಯಿತು.

ಕ್ಷಮೆ ಒಂದು ಕ್ಷಣ, ಬೆಳವಣಿಗೆ ಒಂದು ಬದುಕು

ಎಲ್ಲವೂ ಕೃಪೆಯೇ ಆದರೆ ನಮ್ಮ ಪ್ರಯತ್ನಕ್ಕೆ ಏನು ಬೆಲೆ? ಇದಕ್ಕೆ ವೆಸ್ಲಿಯವರ ಬದುಕೇ ಒಳ್ಳೆಯ ಪಾಠ. 1729ರ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಅವರ ಸುತ್ತ ಒಂದು ಪುಟ್ಟ ಗುಂಪು ಸೇರಿತ್ತು. ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರರವರೆಗೆ ಉಪವಾಸ, ಸೆರೆಮನೆಗಳಿಗೆ ಭೇಟಿ, ಗಂಟೆಗಂಟೆಗೂ ಮನಸ್ಸಿನ ಸ್ಥಿತಿ ಬರೆದಿಡುವ ದಿನಚರಿ. ಇಷ್ಟೆಲ್ಲ ಮಾಡಿಯೂ ಸಮಾಧಾನ ಸಿಗಲಿಲ್ಲ. 1736ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹಡಗಿನಲ್ಲಿ ಹೋಗುವಾಗ ಬಿರುಗಾಳಿ ಎದ್ದಿತು. ವೆಸ್ಲಿ ಸಾವಿಗೆ ಹೆದರಿದರು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಕ್ರೈಸ್ತರು, ಅವರ ಹೆಂಗಸರು ಮಕ್ಕಳೂ ಸೇರಿ, ಶಾಂತವಾಗಿ ಹಾಡುತ್ತಿದ್ದರು. ತಮ್ಮ ಶಿಸ್ತಿನಲ್ಲಿ ಇಲ್ಲದ್ದೇನೋ ಅವರ ನಂಬಿಕೆಯಲ್ಲಿದೆ ಎಂದು ವೆಸ್ಲಿಯವರಿಗೆ ಅಂದು ಅನಿಸಿತು.

ಎರಡು ವರ್ಷಗಳ ನಂತರ, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ರೋಮಾಪುರದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಕ್ರಿಸ್ತನು ತಮ್ಮ ಪಾಪಗಳನ್ನೇ ತೆಗೆದುಹಾಕಿದ್ದಾನೆಂಬ ಭರವಸೆ ಅವರಲ್ಲಿ ಮೂಡಿತು. ಅಲ್ಲಿಂದ ಮುಂದೆ ಅವರು ಎರಡು ವಿಷಯಗಳನ್ನು ಬೇರೆಬೇರೆಯಾಗಿ, ಆದರೆ ಬಿಡಿಸದೆ ಬೋಧಿಸಿದರು. ನಂಬಿದವನನ್ನು ದೇವರು ನೀತಿವಂತನೆಂದು ಎಣಿಸುವುದು ಮೊದಲನೆಯದು. ಅದು ಸಂಪಾದನೆಯಲ್ಲ, ದಾನ. ಆ ಕ್ಷಣದಿಂದ ಶುರುವಾಗಿ ಬದುಕಿನುದ್ದಕ್ಕೂ ಪವಿತ್ರಾತ್ಮನು ಅವನನ್ನು ಒಳಗಿನಿಂದ ಶುದ್ಧಗೊಳಿಸುವುದು ಎರಡನೆಯದು. ಪ್ರಾರ್ಥನೆ, ವಾಕ್ಯದ ಓದು, ಉಪವಾಸ, ಕರ್ತನ ಭೋಜನ, ಬಡವರ ಸೇವೆ ಇವೆಲ್ಲ ದೇವರಿಂದ ಕ್ಷಮೆ ಕೊಳ್ಳುವ ಹಣವಲ್ಲ, ಕೃಪೆ ಹರಿದುಬರುವ ಕಾಲುವೆಗಳು. ಮಳೆ ಸುರಿಸುವುದು ರೈತನ ಕೈಯಲ್ಲಿಲ್ಲ. ಹಾಗೆಂದು ನೆಲ ಹದ ಮಾಡದೆ ಕೂತವನ ಹೊಲದಲ್ಲಿ ಬೆಳೆ ಬರುವುದಿಲ್ಲ.

ಈ ವಿಷಯದಲ್ಲಿ ಎಲ್ಲ ಸಭೆಗಳ ಒತ್ತು ಒಂದೇ ಕಡೆ ಇಲ್ಲ. ನಂಬಿದವನು ಸಾಯುವ ತನಕ ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಆಗಿರುತ್ತಾನೆಂದು ಲೂಥರನ್ ಪರಂಪರೆ ಹೇಳುತ್ತದೆ. ಕಥೋಲಿಕ ಸಭೆ ಸಂಸ್ಕಾರಗಳ ಮೂಲಕ ಬರುವ ಕೃಪೆ ಮನುಷ್ಯನನ್ನು ನಿಜವಾಗಿಯೂ ನವೀಕರಿಸುತ್ತದೆಂದು ಬೋಧಿಸುತ್ತದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ದೇವರ ಜೀವದಲ್ಲಿ ಮನುಷ್ಯ ಪಾಲುಗಾರನಾಗುವುದನ್ನೇ ಗುರಿಯೆನ್ನುತ್ತವೆ. ಭೇದಗಳು ಚಿಕ್ಕವಲ್ಲ. ಆದರೂ ಕ್ಷಮೆ ಪಡೆದವನು ಇದ್ದಲ್ಲೇ ಇರಬಾರದು ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ.

ಮರುಭೂಮಿಯ ಗುರುಗಳು

ಹೋರಾಟ ಎಲ್ಲಿ ನಡೆಯುತ್ತದೆ ಎಂಬುದನ್ನು ತೋರಿಸಿದವರು ನಾಲ್ಕನೆಯ ಶತಮಾನದ ಈಜಿಪ್ಟಿನ ಸನ್ಯಾಸಿಗಳು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದ ಎವಾಗ್ರಿಯಸ್ ಎಂಬ ಪಂಡಿತರು ಎಲ್ಲವನ್ನೂ ಬಿಟ್ಟು ನೈಲ್ ಕಣಿವೆಯ ಪಶ್ಚಿಮದ ಮರುಭೂಮಿ ಸೇರಿ, 399ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಮನುಷ್ಯನನ್ನು ಕೆಡಿಸುವ ಎಂಟು ಯೋಚನೆಗಳನ್ನು ಅವರು ಪಟ್ಟಿ ಮಾಡಿದರು: ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಬೇಸರ, ಕೀರ್ತಿಯ ಆಸೆ, ಅಹಂಕಾರ. ಎರಡು ಶತಮಾನಗಳ ನಂತರ ಪೋಪ್ ಮಹಾ ಗ್ರೆಗರಿ ಇದನ್ನೇ ತಿದ್ದಿ ಏಳಕ್ಕೆ ಇಳಿಸಿದರು. ಕಥೋಲಿಕ ಧರ್ಮೋಪದೇಶದಲ್ಲಿ ಮಕ್ಕಳು ಕಲಿಯುವ ಏಳು ಪ್ರಧಾನ ಪಾಪಗಳ ಮೂಲ ಇದು.

ಈ ಎಂಟರಲ್ಲಿ ಬೇಸರದ ಬಗ್ಗೆ ಎವಾಗ್ರಿಯಸ್ ಬರೆದದ್ದು ನಮ್ಮ ಕಾಲದವರಿಗೂ ಸಲ್ಲುತ್ತದೆ. ಅದು ಬರುವುದು ನಡುಹಗಲಿನಲ್ಲಿ. ಸೂರ್ಯ ಸರಿಯುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆಗಳಿವೆಯೇನೋ ಅನಿಸುತ್ತದೆ. ಸನ್ಯಾಸಿ ಕಿಟಕಿಯ ಕಡೆ ನೋಡುತ್ತಾನೆ. ಊಟದ ಹೊತ್ತಾಯಿತೇ ಎಂದು ಹೊರಗೆ ಬಂದು ಬಿಸಿಲು ಅಳೆಯುತ್ತಾನೆ. ಯಾರಾದರೂ ಬರುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸುತ್ತಾನೆ. ಈ ಜಾಗ ಸರಿಯಿಲ್ಲ, ಈ ಕೆಲಸ ನನಗಲ್ಲ, ಇಲ್ಲಿ ಯಾರಿಗೂ ಪ್ರೀತಿಯೆಂಬುದಿಲ್ಲ, ಬೇರೆಲ್ಲಾದರೂ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದು ಎಂದು ಮನಸ್ಸು ಪಿಸುಗುಡುತ್ತದೆ. ಇದರಲ್ಲಿ ಎದ್ದುಕಾಣುವ ಪಾಪ ಒಂದೂ ಇಲ್ಲ. ಒಂದೊಂದು ಯೋಚನೆಯೂ ನ್ಯಾಯವಾಗಿಯೇ ಕಾಣುತ್ತದೆ. ಬೀಳುವಿಕೆ ಶುರುವಾಗುವುದು ಅಲ್ಲಿಯೇ.

ಮನಸ್ಸಿಗೆ ಯೋಚನೆ ಬರುವುದು ಪಾಪವಲ್ಲ, ಬಂದದ್ದಕ್ಕೆ ಆಸನ ಕೊಟ್ಟು ಮಾತಿಗೆ ಕೂರುವುದು ಅಪಾಯ ಎಂದು ಈ ಗುರುಗಳು ಕಲಿಸಿದರು. ಶೋಧನೆ ಬಂದ ಮಾತ್ರಕ್ಕೆ ತಾನು ಕೆಟ್ಟವನೆಂದು ಕುಗ್ಗುವ ಸೂಕ್ಷ್ಮ ಮನಸ್ಸಿನವರಿಗೆ ಇದು ದೊಡ್ಡ ಸಾಂತ್ವನ. ಆ ಯೋಚನೆಯನ್ನು ಓಡಿಸಲು ಅವರು ಹೇಳಿದ ದಾರಿ ಇನ್ನೂ ಗಮನಾರ್ಹ. ಕಿರಿಯ ಸನ್ಯಾಸಿ ತನ್ನ ಯೋಚನೆಗಳನ್ನು ಮುಚ್ಚಿಡದೆ ಹಿರಿಯರೊಬ್ಬರ ಬಳಿ ಹೋಗಿ ಹೇಳಿಕೊಳ್ಳಬೇಕು. ಮುಚ್ಚಿಟ್ಟ ಯೋಚನೆ ಬಲಿಯುತ್ತದೆ, ಬಾಯಿಬಿಟ್ಟು ಹೇಳಿದ ಯೋಚನೆ ಸೊರಗುತ್ತದೆ ಎಂಬುದು ಅವರ ಅನುಭವ. ಜನರಿಂದ ದೂರ ಓಡಿ ಮರಳುಗಾಡು ಸೇರಿದವರೇ ಪಾಪದೊಡನೆ ಒಬ್ಬರೇ ಸೆಣಸಬೇಡಿ ಎಂದರು.

ಹೊಸ ಒಡಂಬಡಿಕೆಯ ಯಾಕೋಬನ ಪತ್ರವೂ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಲು ಹೇಳುತ್ತದೆ. ಕಥೋಲಿಕ ಸಭೆಯಲ್ಲಿ ಇದು ಗುರುಗಳ ಮುಂದಿನ ಪಾಪನಿವೇದನೆಯಾಗಿ ಬೆಳೆಯಿತು. 1215ರ ನಾಲ್ಕನೆಯ ಲ್ಯಾಟರನ್ ಧರ್ಮಸಭೆ ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಬೇಕೆಂದು ವಿಧಿಸಿತು. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಹದಿನಾರನೆಯ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ ಇದಕ್ಕೆ ದಿನನಿತ್ಯದ ಆತ್ಮಪರೀಕ್ಷೆಯನ್ನು ಜೋಡಿಸಿದರು. ಮೊದಲು ದೇವರಿಗೆ ಕೃತಜ್ಞತೆ, ನಂತರ ಬೆಳಕಿಗಾಗಿ ಬೇಡಿಕೆ, ಆಮೇಲೆ ದಿನದ ತಾಸುತಾಸಿನ ನೆನಪು, ಕ್ಷಮೆಯಾಚನೆ, ನಾಳೆಗೊಂದು ನಿರ್ಧಾರ. ಪಾಪದ ಎಣಿಕೆಗಿಂತ ಮೊದಲು ಕೃತಜ್ಞತೆ ಬರುವುದರಿಂದ ಆತ್ಮಪರೀಕ್ಷೆ ಆತ್ಮನಿಂದನೆಯಾಗುವುದಿಲ್ಲ.

ಹನ್ನೆರಡು ಜನರ ಕೂಟ

ವೆಸ್ಲಿಯವರ ಹೆಚ್ಚುಗಾರಿಕೆ ಇರುವುದು ಈ ಮಠದ ಅಭ್ಯಾಸವನ್ನು ಸಂಸಾರಸ್ಥರ ಕೈಗೆ, ಅದರಲ್ಲೂ ದುಡಿಯುವ ಬಡವರ ಕೈಗೆ ಕೊಟ್ಟದ್ದರಲ್ಲಿ. ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕಾರ್ಮಿಕರು ಅವರ ಮೊದಲ ಕೇಳುಗರಲ್ಲಿ ಸೇರಿದ್ದರು. ಒಂದು ಕ್ಲಾಸಿಗೆ ಸುಮಾರು ಹನ್ನೆರಡು ಜನ. ಆರಂಭದಲ್ಲಿ ನಾಯಕ ಪ್ರತಿಯೊಬ್ಬರ ಮನೆಗೆ ಹೋಗುತ್ತಿದ್ದ. ಇದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಜೊತೆಗೆ ಎಷ್ಟೋ ಸದಸ್ಯರು ಬೇರೆಯವರ ಮನೆಗಳಲ್ಲಿ ಆಳುಗಳಾಗಿದ್ದರು, ಯಜಮಾನರು ಇಂಥ ಭೇಟಿಗೆ ಒಪ್ಪುತ್ತಿರಲಿಲ್ಲ. ಹಾಗಾಗಿ ವಾರಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುವ ಪದ್ಧತಿ ಬಂತು.

ಕೂಟದಲ್ಲಿ ನಡೆಯುತ್ತಿದ್ದದ್ದು ಸರಳ. ಹಾಡು, ಪ್ರಾರ್ಥನೆ, ನಂತರ ನಾಯಕ ಒಬ್ಬೊಬ್ಬರನ್ನೂ ಆತ್ಮದ ಕುಶಲ ಕೇಳುತ್ತಿದ್ದ. ದುಃಖದಲ್ಲಿದ್ದವರಿಗೆ ಸಮಾಧಾನ, ಜಾರಿದವರಿಗೆ ಎಚ್ಚರಿಕೆ, ಗೊಂದಲದಲ್ಲಿದ್ದವರಿಗೆ ಬುದ್ಧಿಮಾತು. ಬಡವರಿಗೆಂದು ಕೈಲಾದಷ್ಟು ಕಾಣಿಕೆ. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ ಹೊಸದಾಗುತ್ತಿತ್ತು. ದಾರಿ ಬಿಟ್ಟವರಿಗೆ ಅದು ಸಿಗುತ್ತಿರಲಿಲ್ಲ. ಹೆಂಗಸರೂ ನಾಯಕಿಯರಾಗಿದ್ದರು. ಓದುಬರಹ ಅಷ್ಟಾಗಿ ಇಲ್ಲದವರೂ ಇನ್ನೊಬ್ಬರ ಆತ್ಮದ ಹೊಣೆ ಹೊರಲು ಇಲ್ಲಿ ಕಲಿತರು. ಇದಕ್ಕಿಂತ ಚಿಕ್ಕದಾದ ‘ಬ್ಯಾಂಡ್’ ಎಂಬ ಗುಂಪುಗಳೂ ಇದ್ದವು. ಕಳೆದ ವಾರದಿಂದ ಮಾಡಿದ ತಪ್ಪುಗಳೇನು, ಎದುರಾದ ಶೋಧನೆಗಳೇನು, ಪಾರಾದದ್ದು ಹೇಗೆ ಎಂದು ಅಲ್ಲಿ ನೇರವಾಗಿಯೇ ಕೇಳಲಾಗುತ್ತಿತ್ತು. ಗಂಡಸರ ಮತ್ತು ಹೆಂಗಸರ ಬ್ಯಾಂಡುಗಳು ಬೇರೆಬೇರೆ. ಸೇರುವುದು ಅವರವರ ಇಷ್ಟ.

ವಾರಕ್ಕೊಮ್ಮೆ ಹೀಗೆ ವಿಚಾರಿಸಿಕೊಳ್ಳುವ ಪಾಠ ವೆಸ್ಲಿಯವರಿಗೆ ತಾಯಿಯಿಂದಲೇ ಬಂದಿರಬೇಕು. ಸೂಸನ್ನಾ ವೆಸ್ಲಿ ತುಂಬಿದ ಮನೆಯ ಕೆಲಸದ ನಡುವೆಯೂ ವಾರದ ಒಂದೊಂದು ಸಂಜೆಯನ್ನು ಮಕ್ಕಳಿಗೆಂದು ಹಂಚಿ, ಅವರೊಡನೆ ಪ್ರತ್ಯೇಕವಾಗಿ ಮಾತಾಡುತ್ತಿದ್ದರು. ಜಾನ್‌ನ ಸರದಿ ಗುರುವಾರ. ದೊಡ್ಡವರಾದ ಮೇಲೂ ಅವರು ಆ ಗುರುವಾರದ ಸಂಜೆಗಳನ್ನು ನೆನೆದು ತಾಯಿಗೆ ಪತ್ರ ಬರೆದರು.

1743ರಲ್ಲಿ ವೆಸ್ಲಿ ಪ್ರಕಟಿಸಿದ ಸಾಮಾನ್ಯ ನಿಯಮಗಳು ಮೂರೇ: ಕೇಡು ಮಾಡಬೇಡಿ, ಒಳ್ಳೆಯದನ್ನು ಮಾಡಿ, ದೇವರು ಕೊಟ್ಟ ಸಾಧನಗಳನ್ನು ಬಿಡಬೇಡಿ. ಕೇಡು ಎಂದರೇನು ಎಂಬುದನ್ನು ಅವರು ತೇಲಿಸಿ ಬಿಡಲಿಲ್ಲ. ಸುಂಕ ತಪ್ಪಿಸಿದ ಮಾಲು ಕೊಳ್ಳುವುದು, ಅನ್ಯಾಯದ ಬಡ್ಡಿ, ವ್ಯಾಪಾರದಲ್ಲಿ ಮಾತು ಬೆಳೆಸಿ ಚೌಕಾಸಿ ಮಾಡುವುದು, ತೀರಿಸುವ ಭರವಸೆಯಿಲ್ಲದೆ ಸಾಲ ತರುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಪರಿಶುದ್ಧತೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೂ ಪರೀಕ್ಷೆಯಿದೆ ಎಂದು ಸಾಮಾನ್ಯರಿಗೆ ಅರ್ಥವಾಗುವ ಹಾಗೆ ಹೇಳಿದರು.

ಕಣ್ಣಿಗೆ ಕಾಣದ ಪಾಪ

ಗೊತ್ತಿರುವ ಪಾಪವನ್ನು ಅರಿಕೆ ಮಾಡಬಹುದು. ಪಾಪವೆಂದೇ ಗೊತ್ತಿರದಿದ್ದರೆ? ಜಾನ್ ನ್ಯೂಟನ್ನರ ಕಥೆ ಇದಕ್ಕೆ ಕಠಿಣ ಸಾಕ್ಷಿ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ಅವರು ದೇವರನ್ನು ಕೂಗಿದರು, ಆ ದಿನವನ್ನು ಬದುಕಿನುದ್ದಕ್ಕೂ ಸ್ಮರಿಸಿದರು. ಆದರೆ ಅದರ ನಂತರವೂ, 1750ರಿಂದ 1754ರವರೆಗೆ, ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾಗಿದ್ದರು. ಮೇಲೆ ಪ್ರಾರ್ಥನೆ ನಡೆಯುತ್ತಿತ್ತು, ಕೆಳಗೆ ಆಫ್ರಿಕಾದ ಮನುಷ್ಯರು ಸಂಕೋಲೆಯಲ್ಲಿದ್ದರು. ಆ ವೃತ್ತಿ ಬಿಟ್ಟದ್ದು ಅನಾರೋಗ್ಯದಿಂದ, ಪಶ್ಚಾತ್ತಾಪದಿಂದಲ್ಲ. 1764ರಲ್ಲಿ ಪಾದ್ರಿಯಾದರು, 1773ರ ಹೊಸ ವರ್ಷಕ್ಕೆ ‘ಅಮೇಜಿಂಗ್ ಗ್ರೇಸ್’ ಗೀತೆ ಬರೆದರು. ಗುಲಾಮರ ವ್ಯಾಪಾರದ ವಿರುದ್ಧ ತಮ್ಮ ತಪ್ಪೊಪ್ಪಿಗೆಯೊಂದಿಗೆ ಪುಸ್ತಿಕೆ ಹೊರತಂದದ್ದು 1788ರಲ್ಲಿ. ಬಿರುಗಾಳಿಯಿಂದ ಅಷ್ಟರೊಳಗೆ ನಲವತ್ತು ವರ್ಷ ಕಳೆದಿತ್ತು.

ಈ ತಡವನ್ನು ಸಮರ್ಥಿಸಲು ಸಾಧ್ಯವಿಲ್ಲ. ಅದರ ಬೆಲೆ ತೆತ್ತವರು ಸಂಕೋಲೆಯಲ್ಲಿದ್ದವರು. ಆದರೆ ಅದರಿಂದ ಕಲಿಯುವುದಿದೆ. ಸುತ್ತಲಿನ ಸಮಾಜವೇ ಮಾಮೂಲು ಎಂದುಕೊಂಡ ಪಾಪ ಭಕ್ತನ ಕಣ್ಣಿಗೂ ಬೀಳುವುದಿಲ್ಲ. ಅದನ್ನು ತೋರಿಸಲು ಹೊರಗಿನವರ ಕಣ್ಣು, ಅನ್ಯಾಯಕ್ಕೆ ಒಳಗಾದವರ ಧ್ವನಿ ಬೇಕು. ವೆಸ್ಲಿ 1774ರಲ್ಲೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದರು. ಸಾಯುವುದಕ್ಕೆ ಆರು ದಿನ ಮುಂಚೆ, 1791ರ ಫೆಬ್ರುವರಿ 24ರಂದು, ಸಂಸತ್ತಿನಲ್ಲಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಧೈರ್ಯ ತುಂಬಿ ಪತ್ರ ಬರೆದರು. ಆ ವಿಲ್ಬರ್‌ಫೋರ್ಸ್ 1785ರಲ್ಲಿ ರಾಜಕೀಯ ಬಿಡಬೇಕೇ ಎಂಬ ತಳಮಳದಲ್ಲಿ ಗುಟ್ಟಾಗಿ ಸಲಹೆ ಕೇಳಲು ಹೋದದ್ದು ನ್ಯೂಟನ್ನರ ಬಳಿಗೇ. ಇದ್ದಲ್ಲೇ ಇದ್ದು ಸೇವೆ ಮಾಡು ಎಂದರು ನ್ಯೂಟನ್. 1807ರ ಮಾರ್ಚಿನಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ನಮ್ಮ ಸಭೆಗಳೊಳಗೆ ಇಂದಿಗೂ ಉಳಿದಿರುವ ಜಾತಿಯ ಲೆಕ್ಕಾಚಾರವನ್ನು ಈ ಬೆಳಕಿನಲ್ಲಿ ನೋಡಿಕೊಳ್ಳಬೇಕಾದದ್ದು ನಮ್ಮ ಕೆಲಸ.

ಪರಿಶುದ್ಧತೆಗೂ ಒಂದು ಅಪಾಯ

ದೇವರ ಮೇಲಿನ ಮತ್ತು ನೆರೆಯವರ ಮೇಲಿನ ಪ್ರೀತಿ ಹೃದಯವನ್ನು ಪೂರ್ತಿ ತುಂಬುವ ಸ್ಥಿತಿ ಈ ಬದುಕಿನಲ್ಲೇ ಸಾಧ್ಯ ಎಂದು ವೆಸ್ಲಿ ಬೋಧಿಸಿದರು. ಇದನ್ನು ಅವರು ಕ್ರೈಸ್ತ ಪರಿಪೂರ್ಣತೆ ಎಂದು ಕರೆದರು. ಅಜ್ಞಾನ, ಪ್ರಮಾದ, ದೇಹದ ದೌರ್ಬಲ್ಯ, ಶೋಧನೆ ಇವು ಯಾವುವೂ ಅದರಿಂದ ಅಳಿಯುವುದಿಲ್ಲ ಎಂದೂ ಒತ್ತಿ ಹೇಳಿದರು. ತಾವು ಅದನ್ನು ಮುಟ್ಟಿದ್ದೇವೆಂದು ಹೇಳಿಕೊಳ್ಳಲಿಲ್ಲ. ಆದರೆ ಅವರ ಲಂಡನ್ ಬಳಗದ ಕೆಲವರು ಹೇಳಿಕೊಂಡರು. ಅವರಲ್ಲೊಬ್ಬನಾದ ಜಾರ್ಜ್ ಬೆಲ್ 1763ರ ಫೆಬ್ರುವರಿ 28ರಂದು ಲೋಕ ಕೊನೆಯಾಗುತ್ತದೆಂದು ಸಾರಿ ಊರನ್ನೆಲ್ಲ ಗಾಬರಿಗೊಳಿಸಿದ. ವೆಸ್ಲಿ ಅದನ್ನು ಬಹಿರಂಗವಾಗಿ ತಿರಸ್ಕರಿಸಬೇಕಾಯಿತು. ಇನ್ನು ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದುಕೊಂಡವನಿಗೆ ಪರಿಶುದ್ಧತೆಯೇ ಉರುಳಾಗುತ್ತದೆ. ಎವಾಗ್ರಿಯಸ್ ಅಹಂಕಾರವನ್ನು ಪಟ್ಟಿಯ ಕೊನೆಗೆ ಇಟ್ಟದ್ದು ಅದು ಸಣ್ಣದೆಂದಲ್ಲ, ಉಳಿದ ಏಳನ್ನು ಗೆದ್ದವರನ್ನೂ ಅದು ಕಾಯುತ್ತಿರುತ್ತದೆ.

ಇನ್ನೊಂದು ಅಪಾಯ ಕೂಟಗಳದ್ದೇ. ಒಬ್ಬರ ಗುಟ್ಟು ಇನ್ನೊಬ್ಬರ ಕೈಯಲ್ಲಿ ಆಯುಧವಾಗಬಹುದು. ನಾಯಕನಾದವನು ಅರಿಕೆಯ ಹೆಸರಿನಲ್ಲಿ ಹಿಡಿತ ಸಾಧಿಸಬಹುದು. ಕೇಳಿದ್ದು ಹೊರಗೆ ಹೋಗಬಾರದು, ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು, ಕೇಳುವವನೂ ತನ್ನ ತಪ್ಪನ್ನು ಹೇಳಿಕೊಳ್ಳಬೇಕು. ಈ ಮೂರು ಇಲ್ಲದ ಕಡೆ ಬಾಯಿಬಿಡದಿರುವುದೇ ಲೇಸು. ಅಪರಾಧ ನಡೆದಿದ್ದರೆ, ಅದರಲ್ಲೂ ದುರ್ಬಲರ ಮೇಲೆ ನಡೆದಿದ್ದರೆ, ಪ್ರಾರ್ಥನೆಯೊಂದೇ ಉತ್ತರವಲ್ಲ. ಕಾನೂನಿನ ಮುಂದೆ ಹೋಗುವುದೂ ಪಶ್ಚಾತ್ತಾಪದ ಭಾಗ.

ಕನ್ನಡ ನೆಲದ ಕೂಟಗಳು

ವೆಸ್ಲಿಯನ್ ಮಿಷನರಿಗಳು 1820ರ ದಶಕದಲ್ಲೇ ಬೆಂಗಳೂರಿಗೆ ಬಂದರು. ಗುಬ್ಬಿ, ತುಮಕೂರು, ಮೈಸೂರುಗಳಲ್ಲಿ ಅವರ ಕೆಲಸ ಬೇರೂರಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲವೂ ಇಂಥ ಪುಟ್ಟ ಕೂಟಗಳಲ್ಲೇ ಇದೆ. ಫಿಲಿಪ್ ಸ್ಪೇನರ್ 1670ರಲ್ಲಿ ಫ್ರಾಂಕ್‌ಫರ್ಟಿನ ತಮ್ಮ ಮನೆಯಲ್ಲಿ ವಾಕ್ಯ ಓದಿ ಮಾತಾಡುವ ಪುಟ್ಟ ಕೂಟ ಆರಂಭಿಸಿದ್ದರು. ಅಲ್ಲಿಂದ ಹಬ್ಬಿದ ಪಯಟಿಸ್ಟ್ ಚಳವಳಿಯ ನೆಲದಿಂದಲೇ, ‘ಮಂಗಳೂರ ಸಮಾಚಾರ’ ಪತ್ರಿಕೆಯ ಹರ್ಮನ್ ಮೋಗ್ಲಿಂಗ್ ಬಂದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ವೆಸ್ಲಿಯನ್ ಸಭೆಗಳೂ ಅದರಲ್ಲಿ ಒಂದಾದವು. ಇಂದು ನಮ್ಮ ಊರುಗಳಲ್ಲಿ ವಾರದ ಸಂಜೆ ಮನೆಯಿಂದ ಮನೆಗೆ ಸರದಿಯಂತೆ ನಡೆಯುವ ಪ್ರಾರ್ಥನಾ ಕೂಟಗಳು ಈ ಪರಂಪರೆಗೆ ಹತ್ತಿರದ ನೆಂಟರು.

ಆದರೆ ಬಹುತೇಕ ಕೂಟಗಳಲ್ಲಿ ಹಾಡು, ವಾಕ್ಯ, ಪ್ರಾರ್ಥನಾ ಬಿನ್ನಹ, ಕಾಫಿ ಎಲ್ಲವೂ ಇರುತ್ತದೆ, ಆತ್ಮದ ಕುಶಲ ಕೇಳುವ ಆ ಒಂದು ಪ್ರಶ್ನೆ ಇರುವುದಿಲ್ಲ. ಮಗನ ಕೆಲಸಕ್ಕಾಗಿ, ಅಜ್ಜಿಯ ಆಪರೇಷನ್ನಿಗಾಗಿ ಪ್ರಾರ್ಥಿಸಿ ಎನ್ನುತ್ತೇವೆ. ಅದು ಬೇಕೇ ಬೇಕು. ನನ್ನ ಸಿಟ್ಟಿಗಾಗಿ, ಕುಡಿತಕ್ಕಾಗಿ, ರಾತ್ರಿ ಮೊಬೈಲಿನಲ್ಲಿ ನೋಡುವುದಕ್ಕಾಗಿ, ತಮ್ಮನೊಂದಿಗಿನ ಆಸ್ತಿ ವೈಮನಸ್ಸಿಗಾಗಿ ಪ್ರಾರ್ಥಿಸಿ ಎನ್ನಲು ಬಾಯಿ ಬರುವುದಿಲ್ಲ. ದೊಡ್ಡ ಕೂಟದಲ್ಲಿ ಬರಬೇಕೆಂದೂ ಇಲ್ಲ. ನಂಬಿಕೆಗೆ ಅರ್ಹರಾದ ಇಬ್ಬರು ಮೂವರು ಸಾಕು. ವಾರಕ್ಕೊಂದು ತಾಸು, ಆತ್ಮದ ಕುಶಲ ಕೇಳುವ ಒಂದು ಪ್ರಾಮಾಣಿಕ ಪ್ರಶ್ನೆ, ತಡೆಯದೆ ಕೇಳಿಸಿಕೊಳ್ಳುವ ಕಿವಿ, ಕೊನೆಗೆ ಕ್ಷಮೆಯ ವಾಗ್ದಾನವನ್ನು ಜೋರಾಗಿ ನೆನಪಿಸುವ ಬಾಯಿ. ಇದಕ್ಕೆ ಕಟ್ಟಡ ಬೇಡ, ಸಮಿತಿ ಬೇಡ, ದೇವಶಾಸ್ತ್ರದ ಪದವಿಯೂ ಬೇಡ.

ಅದೇ ತಪ್ಪಿಗೆ ಮತ್ತೆ ಬಿದ್ದು, ಇನ್ನು ನನ್ನಿಂದಾಗದು ಎಂದು ಕೈಚೆಲ್ಲಿದವರಿಗೆ ಕ್ರೈಸ್ತ ಬೋಧನೆಯ ಮಾತು ಇದು: ಬಿದ್ದುದಕ್ಕೆ ನೋಯುವ ಮನಸ್ಸೇ ಕೃಪೆ ನಿಮ್ಮಲ್ಲಿ ಕೆಲಸ ಮಾಡುತ್ತಿರುವುದಕ್ಕೆ ಗುರುತು. ಆ ನೋವನ್ನು ಒಬ್ಬರೇ ಹೊರಬೇಡಿ. ದೇವರಿಗೆ ಹೇಳಿ, ನಂಬಿಗಸ್ತರಾದ ಒಬ್ಬರಿಗೂ ಹೇಳಿ, ಮುಂದಿನ ವಾರ ಅವರು ಮತ್ತೆ ಕೇಳಲಿ ಎಂದು ಒಪ್ಪಿಗೆ ಕೊಡಿ. ಪೌಲನ ಸಂಕಟದಿಂದ ನ್ಯೂಟನ್ನರ ತಪ್ಪೊಪ್ಪಿಗೆಯವರೆಗೆ ಈ ದಾರಿಯಲ್ಲಿ ನಡೆದವರೆಲ್ಲ ಎಡವಿದವರೇ. ಅವರು ಮುಂದೆ ಸಾಗಿದ್ದು ಎಡವಿದಾಗ ಕೈ ಹಿಡಿಯಲು ದೇವರೂ, ದೇವರು ಕೊಟ್ಟ ಜೊತೆಗಾರರೂ ಇದ್ದದ್ದರಿಂದ.